ವೀರನ ಬಡಾಯಿ ಸುಳ್ಳಾಗುವುದು ಯಾವಾಗ?

ಪ್ರಶ್ನೆ: ನಮ್ಮೂರ ದೊಡ್ಡಾಟದಲ್ಲಿ ಸಾರಥಿ ‘ನಿಮ್ಮ ನಾಮಾಂಕಿತವೇನು’ ಎಂದು ಕೇಳಿದೊಡನೆ ಭೀಮನೂ ದುರ್ಯೋಧನನೂ ಅಟ್ಟ ನಡುಗುವಂತೆ ಕುಣಿದು ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ. ಬಸವಣ್ಣನವರು ‘ತನ್ನ ಬಣ್ಣಿಸಬೇಡ’ ಎಂದರಲ್ಲ? ಹಾಗಾದರೆ ವೀರರ ಈ ಮಾತೆಲ್ಲ ಸುಳ್ಳಿಗೆ ಸಮವೇ?
— ಓದುಗರೊಬ್ಬರು, ಸೇಡಂ

ಉತ್ತರ: ಸಮವಲ್ಲ. ನೀವು ನೆನೆದ ಆ ವಚನದಲ್ಲೇ ‘ಹುಸಿಯ ನುಡಿಯಲು ಬೇಡ’ ಎಂಬ ಮಾತು ಮೊದಲೇ ಬಂದಿದೆ. ‘ತನ್ನ ಬಣ್ಣಿಸಬೇಡ’ ಎಂಬುದು ಅನಂತರ ಬೇರೆಯಾಗಿ ಬರುತ್ತದೆ. ತನ್ನನ್ನು ಬಣ್ಣಿಸಿಕೊಳ್ಳುವುದು, ಆಡಿದ್ದು ನಿಜವೇ ಆಗಿದ್ದರೂ, ಶರಣನಿಗೆ ಸಲ್ಲದು. ವೀರರ ಲೋಕದ ಲೆಕ್ಕ ಬೇರೆ. ನಮ್ಮ ಕಲಬುರಗಿ ಸೀಮೆಯ ಜಾತ್ರೆಗಳಲ್ಲಿ ಪೈಲ್ವಾನನು ಮೈಗೆ ಕೆಮ್ಮಣ್ಣು ಹಚ್ಚಿಕೊಂಡು ತೊಡೆ ತಟ್ಟಿ ಸೆಡ್ಡು ಹೊಡೆಯುವುದು ಎದುರಾಳಿಯ ಕಣ್ಣ ಮುಂದೆಯೇ, ಸುತ್ತ ನೆರೆದ ಊರಿನ ಎದುರಿಗೇ. ಆ ಸದ್ದು ಅಡಗುವ ಮೊದಲೇ ಅವನ ಮಾತಿನ ಪರೀಕ್ಷೆ ಶುರುವಾಗಿರುತ್ತದೆ. ಅಲ್ಲಗಳೆಯಬಲ್ಲವರ ಎದುರು ಆಡಿದ ಬಡಾಯಿಯನ್ನು, ಅವನು ಸೋತರೂ, ನಾನು ಸುಳ್ಳೆನ್ನಲಾರೆ.

13ನೇ ಶತಮಾನದ ಐಸ್‌ಲ್ಯಾಂಡಿನ ಇತಿಹಾಸಕಾರ ಸ್ನೋರಿ ಸ್ಟುರ್ಲುಸನ್ ಹಳೆಯ ಆಸ್ಥಾನ ಕವಿಗಳನ್ನು ನಂಬಿದ್ದು ಇದೇ ಕಾರಣಕ್ಕೆ: ಮಾಡದ ಸಾಹಸವನ್ನು ರಾಜನ ಮುಂದೆಯೇ ಹಾಡಿದರೆ, ಕೇಳುವವರೆಲ್ಲರಿಗೂ ಅದು ಸುಳ್ಳೆಂದು ಗೊತ್ತಿರುವಾಗ, ಅದು ಹೊಗಳಿಕೆಯಾಗದೆ ಅಣಕವಾಗುತ್ತದೆ ಎಂದು ಅವನ ವಾದ. ಈ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ನಮ್ಮ ಬೀದರ ಜಿಲ್ಲೆಯ ಕಲ್ಯಾಣದಲ್ಲೇ 1076ರಲ್ಲಿ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನು ಅಣ್ಣ ಸೋಮೇಶ್ವರನನ್ನು ಕೆಳಗಿಳಿಸಿ ಪಟ್ಟವೇರಿದನು. ಕಾಶ್ಮೀರದಿಂದ ಬಂದ ಆಸ್ಥಾನಕವಿ ಬಿಲ್ಹಣನು ಮಾತ್ರ ಶಿವನೇ ಅಪ್ಪಣೆ ಕೊಟ್ಟನೆಂದು ಕಾವ್ಯದಲ್ಲಿ ಬರೆದನು. ನಡೆದದ್ದನ್ನು ಬಲ್ಲವರು ಸಭೆಯಲ್ಲಿ ಇರಲೇಬೇಕು. ಆದರೆ ದೊರೆಯೆದುರು ಬಾಯಿ ಬಿಡುವವರು ಯಾರು? ಸಾಕ್ಷಿ ಇದ್ದರಷ್ಟೇ ಸಾಲದು, ಆ ಸಾಕ್ಷಿಗೆ ‘ಇಲ್ಲ’ ಎನ್ನುವ ಸ್ವಾತಂತ್ರ್ಯವೂ ಇರಬೇಕು.

ವಿರಾಟಪರ್ವವನ್ನು ಈ ಕಣ್ಣಿನಿಂದ ಮತ್ತೊಮ್ಮೆ ಓದಿ. ಒಳ್ಳೆಯ ಸಾರಥಿಯೊಬ್ಬ ಸಿಕ್ಕಿದ್ದರೆ ಕೌರವರನ್ನು ಗೆದ್ದು ಗೋವುಗಳನ್ನು ತರುತ್ತಿದ್ದೆ ಎಂದು ಉತ್ತರಕುಮಾರ ಕೊಚ್ಚಿಕೊಂಡದ್ದು ಹೆಂಗಸರ ನಡುವೆ, ಅವನ ತೋಳಬಲವನ್ನು ಯಾರೂ ಪರೀಕ್ಷಿಸಲಾಗದ ಕಡೆ. ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡಿದನು. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಅಲ್ಲಿಗೇ ನಿಂತುಬಿಟ್ಟಿದೆ. ಕಥೆ ನಿಲ್ಲುವುದಿಲ್ಲ. ಬೃಹನ್ನಳೆಯ ವೇಷದಲ್ಲಿ ಅವನ ಸಾರಥಿಯಾಗಿ ಬಂದು ಯುದ್ಧ ಗೆದ್ದ ಅರ್ಜುನನೇ, ಗೆಲುವು ನಿನ್ನದೆಂದು ತಂದೆಗೆ ಹೇಳು ಎನ್ನುತ್ತಾನೆ. ಅತ್ತ ಅರಮನೆಯಲ್ಲಿ ವಿರಾಟನು ಮಗನ ಗೆಲುವನ್ನು ಹಾಡಿ ಹೊಗಳುತ್ತಿರುವಾಗ, ಬೃಹನ್ನಳೆ ಜೊತೆಗಿದ್ದಮೇಲೆ ಗೆಲುವೇನು ದೊಡ್ಡದು ಎಂದ ಕಂಕನ, ಅಂದರೆ ಮಾರುವೇಷದ ಧರ್ಮರಾಯನ, ಮುಖಕ್ಕೆ ಪಗಡೆಯ ದಾಳ ಬೀಸುತ್ತಾನೆ, ರಕ್ತ ಸುರಿಯುತ್ತದೆ. ಅಲ್ಲಗಳೆದವನಿಗೆ ಸಿಕ್ಕ ಫಲವದು. ಆ ಹೊತ್ತಿಗೆ ಒಳಬಂದ ಉತ್ತರನು ಒಂದು ಮಾತು ಆಡದೆ ಸುಮ್ಮನಿದ್ದರೂ ಸಾಕಿತ್ತು, ಕೀರ್ತಿಯೆಲ್ಲ ಅವನದೇ ಆಗುತ್ತಿತ್ತು. ಅವನು ಮೊದಲು ಕಂಕನ ಕ್ಷಮೆ ಕೇಳುವಂತೆ ತಂದೆಗೆ ಹೇಳುತ್ತಾನೆ. ಆಮೇಲೆ, ಗೆದ್ದವನು ನಾನಲ್ಲ, ದೇವಪುತ್ರನೊಬ್ಬ ಎನ್ನುತ್ತಾನೆ. ಪಾಂಡವರ ಗುಟ್ಟೂ ಉಳಿಯಿತು, ಅವನ ನಾಲಗೆಯೂ ಉಳಿಯಿತು.

ನಿಮ್ಮೂರಲ್ಲಿ ಈ ಪ್ರಸಂಗವನ್ನು ಆಡಿಸುವುದಾದರೆ, ಬೆಳಗಿನ ಜಾವ ಹೊತ್ತಾಯಿತೆಂದು ಈ ಕೊನೆಯ ದೃಶ್ಯವನ್ನು ಬಿಡದಂತೆ ಮೇಳದವರಿಗೆ ದಯವಿಟ್ಟು ಹೇಳಿ.