ಎಲ್ಲಿ ನಿಲ್ಲಬೇಕು, ಕಿವಿಗೇನು ಮಾಡಬೇಕು

ಸಂಗೀತ ಕಾರ್ಯಕ್ರಮಕ್ಕೆ ಒಬ್ಬರೇ ಹೋದರೆ ವಿಚಿತ್ರವಾಗಿ ಕಾಣುವುದಿಲ್ಲವೇ, ವೇದಿಕೆಯ ಮುಂದೆಯೇ ನಿಂತರೂ ಹಾಡಿನ ಸಾಹಿತ್ಯ ಏಕೆ ಕೇಳಿಸಲಿಲ್ಲ, ಮರುದಿನ ಕಿವಿ ಗುಂಯ್‌ಗುಟ್ಟುವುದು ಸಹಜವೇ ಎಂದು ಕೇಳಿದ್ದೀರಿ.

ಮೊದಲ ಚಿಂತೆ ಬಿಡಿ. ದೀಪ ಮಂದವಾದ ಮೇಲೆ ಯಾರೂ ಯಾರನ್ನೂ ಗಮನಿಸುವುದಿಲ್ಲ.

ಚಿಕ್ಕ ಜಾಗಗಳಲ್ಲಿ ವೇದಿಕೆಗೆ ಅಂಟಿಕೊಂಡು ನಿಂತವರಿಗೆ ಹೆಚ್ಚಾಗಿ ಕೇಳುವುದು ಡ್ರಮ್ ಮತ್ತು ಗಿಟಾರಿನ ಆಂಪ್ಲಿಫೈಯರ್ ಮಾತ್ರ. ಗಾಯಕರ ದನಿ ಬರುವುದು ಎರಡು ಬದಿಯ ಸ್ಪೀಕರ್‌ಗಳಿಂದ. ಅದು ನಿಮ್ಮನ್ನು ದಾಟಿ ಹಿಂದಿನವರನ್ನು ತಲುಪುತ್ತದೆ. ಮುಂದಿನ ಸಲ ಮಿಕ್ಸರ್, ಅಂದರೆ ಧ್ವನಿ ಹೊಂದಿಸುವ ಯಂತ್ರ, ಎಲ್ಲಿದೆ ಎಂದು ಹುಡುಕಿ, ಅದರ ಎದುರಿಗೆ ನಿಲ್ಲಿ. ಧ್ವನಿ ಹೊಂದಿಸುವವರು ಅಲ್ಲಿ ಕುಳಿತು ತಮ್ಮ ಕಿವಿಗೆ ಒಪ್ಪುವಂತೆ ಹದ ಮಾಡುತ್ತಾರೆ, ಆ ಹದ ನಿಮಗೂ ಪುಕ್ಕಟೆಯಾಗಿ ಸಿಗುತ್ತದೆ. ಹಿಂಗೋಡೆಗೆ ಮಾತ್ರ ಒರಗಬೇಡಿ. ಗೋಡೆಯ ಬಳಿ ಬೇಸ್, ಅಂದರೆ ತಗ್ಗು ಸ್ವರದ ಸದ್ದು, ದಟ್ಟವಾಗಿ, ಉಳಿದದ್ದೆಲ್ಲ ಮಸುಕಾಗುತ್ತದೆ.

ಕಿವಿಯ ವಿಷಯ ಹಗುರವಾದದ್ದಲ್ಲ. ಅನೇಕರಿಗೆ ಮರುದಿನ ಕಿವಿ ಗುಂಯ್‌ಗುಟ್ಟುತ್ತದೆ ನಿಜ, ಆದರೆ ಅದು ಕಿವಿ ದಣಿದಿರುವುದರ ದೂರು. 85 ಡೆಸಿಬಲ್ ಸದ್ದನ್ನು 8 ಗಂಟೆ ತಾಳಬಹುದು ಎಂಬುದು ಕಾರ್ಮಿಕರ ಸುರಕ್ಷತೆಗೆ ಬಳಸುವ ಒಂದು ಲೆಕ್ಕ. ಪ್ರತಿ 3 ಡೆಸಿಬಲ್ ಏರಿದಾಗ ಅವಧಿ ಅರ್ಧವಾಗುತ್ತದೆ. ಹಾಗಾಗಿ 100 ಡೆಸಿಬಲ್‌ಗೆ ಉಳಿಯುವುದು 15 ನಿಮಿಷ! ಸಂಗೀತ ಕಾರ್ಯಕ್ರಮಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸೂಚಿಸಿದ ಸರಾಸರಿ ಮಿತಿಯೂ ಅದೇ 100.

ಹತ್ತಿ ತುರುಕಿಕೊಂಡರೆ ಹೆಚ್ಚು ಪ್ರಯೋಜನವಿಲ್ಲ. ಸಂಗೀತಗಾರರು ಬಳಸುವ ಫಿಲ್ಟರ್ ಇರುವ ಇಯರ್‌ಪ್ಲಗ್ ತೆಗೆದುಕೊಳ್ಳಿ. ಅದು ಸ್ವರಗಳನ್ನು ಕೆಡಿಸದೆ ಸದ್ದನ್ನಷ್ಟೇ ತಗ್ಗಿಸುತ್ತದೆ. ನನಗಂತೂ ಅದನ್ನು ಹಾಕಿಕೊಂಡ ಮೇಲೆಯೇ ಸಾಹಿತ್ಯ ಸ್ಪಷ್ಟವಾಗಿ ಕೇಳಿಸತೊಡಗಿತು. ಗುಂಯ್‌ಗುಟ್ಟುವಿಕೆ ಒಂದೆರಡು ದಿನಗಳಲ್ಲಿ ನಿಲ್ಲದಿದ್ದರೆ ಕಿವಿಯ ವೈದ್ಯರಿಗೆ ತೋರಿಸಿ.