ಏಳು ತಿಂಗಳ ಮಗುವಿಗೆ ಹಾಲು, ಬೇಳೆಯ ತಿಳಿ ಇಷ್ಟೇ ಸಾಕಾ?

ಮಗು ಗುಂಡಗಿದೆ, ಆಕಳ ಹಾಲು, ಬೇಳೆಯ ತಿಳಿ ಕೊಡ್ತಿದ್ದೀವಿ, ಹಲ್ಲು ಬರುವವರೆಗೆ ಊಟ ಬೇಡ ಅಂತ ಅತ್ತೆ ಹೇಳ್ತಾರೆ, ಸಾಕಾಗುತ್ತಾ ಅಂತ ಕೇಳಿದ್ದೀರಿ. ಸಾಕಾಗಲ್ಲ. ಇದೇ ತಪ್ಪು ನಾನೂ ಮಾಡಿದ್ದೀನಿ.

ನಾವು ಜಮಖಂಡಿ ಕಡೆಯವರು. ಮನೆಯಲ್ಲೇ ಎಮ್ಮೆ ಇತ್ತು, ಹಾಲಿಗೇನು ಬರ. ಮಗಳಿಗೆ ಒಂಬತ್ತು ತಿಂಗಳು ತುಂಬಿದರೂ ಹಾಲು, ತಿಳಿ, ಸಂಜೆ ನಮ್ಮ ಚಹಾದಲ್ಲಿ ಅದ್ದಿದ ಬಿಸ್ಕೀಟು, ಮುಗೀತು. "ಕೂಸು ಎಷ್ಟ್ ಗುಂಡಗೈತಿ, ದೃಷ್ಟಿ ತಗೀರಿ" ಅಂತ ಓಣಿಯವರೆಲ್ಲ ಹೇಳುತ್ತಿದ್ದರು. ಅವಳು ಮಾತ್ರ ಅಂಬೆಗಾಲಿಟ್ಟು ಹೋಗಿ ಗೋಡೆಯ ಸುಣ್ಣ ಕೆರೆದು ತಿನ್ನೋಳು, ನಾವು ನೋಡಿ ನಗೋರು. ದಡಾರದ ಲಸಿಕೆಗೆ ಹೋದಾಗ ಡಾಕ್ಟರು ಅವಳ ಕೆಳರೆಪ್ಪೆ ಎಳೆದು ನನಗೇ ತೋರಿಸಿದರು. ಕೆಂಪಗಿರಬೇಕಾದ ಜಾಗ ಬೆಳ್ಳಗಿತ್ತು. ಹಿಮೋಗ್ಲೋಬಿನ್, ಅಂದರೆ ಕಬ್ಬಿಣದಂಶದಿಂದ ಆಗುವ ರಕ್ತದ ಕೆಂಪು, 11 ಆದರೂ ಇರಬೇಕು ಅಂದರು, ಇದ್ದದ್ದು 7.8.

ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದ ಕಬ್ಬಿಣದಂಶ ಆರು ತಿಂಗಳ ಹೊತ್ತಿಗೆ ಖಾಲಿಯಾಗುತ್ತಾ ಬರುತ್ತೆ. ಆಕಳ ಹಾಲಾಗಲಿ ಎಮ್ಮೆ ಹಾಲಾಗಲಿ, ಅದರಲ್ಲಿ ಕಬ್ಬಿಣ ತೀರಾ ಕಡಿಮೆ, ಹೊಟ್ಟೆ ಮಾತ್ರ ತುಂಬಿಬಿಡುತ್ತೆ. ಚಹಾ ಅಂತೂ ಇದ್ದ ಕಬ್ಬಿಣವನ್ನೂ ಮೈಗೆ ಹತ್ತಲು ಬಿಡಲ್ಲ. ಇನ್ನು ತಿಳಿ ಅಂದರೆ ನೀರೇ ಅಲ್ವಾ, ಬೇಳೆ ತಳದಲ್ಲಿ ಕೂತು ನಮ್ಮ ಸಾರಿಗೆ ಹೋಗುತ್ತೆ! ಎರಡು ವರ್ಷ ತುಂಬುವಷ್ಟರಲ್ಲಿ ಮಿದುಳು ದೊಡ್ಡವರ ಮಿದುಳಿನ ಸುಮಾರು ಶೇ 80ರಷ್ಟು ಬೆಳೆದುಬಿಟ್ಟಿರುತ್ತೆ. ಆ ಹೊತ್ತಲ್ಲಿ ಕಬ್ಬಿಣ ಕಡಿಮೆ ಬಿದ್ದರೆ ಮುಂದೆ ಕಲಿಕೆಗೂ ಪೆಟ್ಟು, ಆಮೇಲೆ ಎಷ್ಟು ತಿನ್ನಿಸಿದರೂ ಪೂರ್ತಿ ಸರಿಹೋಗುತ್ತೆ ಅನ್ನೋ ಹಾಗಿಲ್ಲ. ಗುಂಡಗಿರೋದಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ನಾನು ಮಾಡಿದ್ದು ಇಷ್ಟು. ಹೆಸರುಬೇಳೆ, ಅಕ್ಕಿ, ಒಂದು ಹಿಡಿ ನುಗ್ಗೆಸೊಪ್ಪು ಮೆತ್ತಗೆ ಬೇಯಿಸಿ, ನುಣ್ಣಗೆ ಹಿಸುಕಿ, ಅರ್ಧ ಚಮಚ ತುಪ್ಪ, ಎರಡು ಹನಿ ಲಿಂಬೆರಸ. ಹುಳಿ ಇದ್ದರೆ ಕಬ್ಬಿಣ ಚೆನ್ನಾಗಿ ಹತ್ತುತ್ತೆ. ಚಮಚ ವಾಲಿಸಿದರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಬೇಕು. ನೀವು ಎರಡು ಮೂರು ಚಮಚದಿಂದ ಶುರು ಮಾಡಿ, ದಿನಕ್ಕೆ ಎರಡು ಮೂರು ಸಲ. ಪೂರ್ತಿ ಬೆಂದ ಮೊಟ್ಟೆನೂ ಕೊಡಬಹುದು, ಮನೆಯಲ್ಲಿ ನಡೆಯೋದಾದರೆ. ಎದೆಹಾಲು ಇದ್ದರೆ ಬಿಡಿಸಬೇಡಿ, ಆಕಳ ಹಾಲು ಮಾತ್ರ ವರ್ಷ ತುಂಬುವವರೆಗೆ ಕುಡಿಸಬೇಡಿ. ಜೇನುತುಪ್ಪ ಕೂಡ ವರ್ಷದೊಳಗೆ ನೆಕ್ಕಿಸಲೇಬೇಡಿ. ಎದೆಹಾಲು ನಿಂತಿದ್ದರೆ ಏನು ಕೊಡಬೇಕು ಅಂತ ಡಾಕ್ಟರನ್ನು ಕೇಳಿ.

ಒಮ್ಮೆ ರಕ್ತನೂ ಪರೀಕ್ಷೆ ಮಾಡಿಸಿ. ಕಬ್ಬಿಣದ ಹನಿ ಎಷ್ಟು ಹಾಕಬೇಕು ಅನ್ನೋದನ್ನ ಡಾಕ್ಟರೇ ಹೇಳಬೇಕು, ಔಷಧಿ ಅಂಗಡಿಯವರಲ್ಲ. ಹನಿ ಶುರುವಾದ ಮೇಲೆ ಮಲ ಕಪ್ಪಗಾಗುತ್ತೆ, ಗಾಬರಿ ಬೇಡ, ನಮ್ಮತ್ತೆ ಅದನ್ನ ನೋಡಿ ಔಷಧಿ ಬಾಟ್ಲಿನೇ ಬಚ್ಚಿಟ್ಟಿದ್ದರು. ಹಲ್ಲಿನ ಮಾತಿಗೆ ಬಂದರೆ, ಜಗಳ ಆಡೋದೇ ಬೇಡ. ಅತ್ತೆಯ ಬೆರಳನ್ನ ಮಗುವಿನ ಬಾಯಲ್ಲಿ ಇಡಿಸಿ, ಒಸಡು ಎಷ್ಟು ಗಟ್ಟಿ ಅಂತ ಅವರಿಗೇ ಗೊತ್ತಾಗುತ್ತೆ.