ಹಬೆ ಕಟ್ಟಿದ ಗಾಜಿನ ಮೇಲೆ ಒಂದು ‘ಅ’

ಪ್ರಶ್ನೆ: ಮಗಳಿಗೆ ಐದು ವರ್ಷ, ಮಗನಿಗೆ 22 ತಿಂಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಕಳೆದ ಚಳಿಗಾಲದ ರಜೆಯಲ್ಲಿ ಭಾವನವರ ಸಂಸಾರದ ಜೊತೆ ಹಿಮ ಬೀಳುವ ಬೆಟ್ಟದೂರಿಗೆ ಹೋಗಿದ್ದೆವು. ಆಗ ಮಗನಿಗೆ ಹತ್ತು ತಿಂಗಳು. ಎರಡು ರಾತ್ರಿ ಒಂದೇ ಸಮನೆ ಅತ್ತ. ಮಿಕ್ಕವರೆಲ್ಲ ಸುತ್ತಾಡಿ ಬರುತ್ತಿದ್ದರು. ನಾನು ಮಗುವನ್ನು ಹೆಗಲಿಗೆ ಹಾಕಿಕೊಂಡು ರೂಮಿನ ಕಿಟಕಿಯಿಂದ ಹಿಮ ನೋಡಿದೆ. ಈ ಸಲ ನನ್ನನ್ನು ಒಂದು ಮಾತೂ ಕೇಳದೆ ಇವರು ಮತ್ತೆ ಅಲ್ಲಿಗೇ ಬುಕ್ ಮಾಡಿದ್ದಾರೆ. ಐದು ದಿನಕ್ಕೆ 14 ಜಾಗ, ದಿನಾ ಬೆಳಿಗ್ಗೆ ಐದೂವರೆಗೆ ಹೊರಡಬೇಕು. ಉಳಿಯುವ ಜಾಗ 2,800 ಮೀಟರ್ ಎತ್ತರದಲ್ಲಿದೆ. ಬೇಡ ಎಂದರೆ, ‘ಮಕ್ಕಳಿಗೆ ನೆನಪು ಅಂತ ಏನಾದರೂ ಬೇಡವಾ? ಎಲ್ಲರ ಮೂಡ್ ಹಾಳು ಮಾಡೋದು ನೀನೇ’ ಎನ್ನುತ್ತಾರೆ. ಮಗಳನ್ನು ಕೇಳಿದರೆ ಹೋದ ಸಲದ್ದು ಅವಳಿಗೆ ಒಂದೇ ನೆನಪು: ಹಬೆ ಕಟ್ಟಿದ ಕಿಟಕಿ ಗಾಜಿನ ಮೇಲೆ ಅಪ್ಪ ಬೆರಳು ಹಿಡಿದು ‘ಅ’ ಬರೆಸಿದ್ದು. ಜಗಳ ಆಡಿ ಆಡಿ ಸಾಕಾಗಿದೆ. ‘ಮಗುವಿಗೆ ಪ್ರಯಾಣ ಬೇಡ’ ಎಂದು ಮಕ್ಕಳ ಡಾಕ್ಟರ ಬಾಯಲ್ಲೇ ಹೇಳಿಸಿಬಿಡೋಣ ಅನ್ನಿಸುತ್ತಿದೆ. ತಪ್ಪೇ?
— ಹೆಸರು ಬೇಡ

ಉತ್ತರ: ಹೇಳಿಸಬೇಡಿ. ಸುಳ್ಳು ಹೇಳಿದರೆ ಪಾಪ ಬರುತ್ತದೆ ಎಂದೇನೂ ನಾನು ಹೆದರಿಸುವುದಿಲ್ಲ. ಈ ವರ್ಷದ ಮಟ್ಟಿಗೆ ಆ ಉಪಾಯ ಫಲಿಸಲೂಬಹುದು. ಬರುವ ವರ್ಷ ನಿಮ್ಮ ಮಗ ಮನೆ ತುಂಬ ಓಡಾಡಿಕೊಂಡು ಗುಂಡುಕಲ್ಲಿನ ಹಾಗಿರುತ್ತಾನೆ, ಆಗ ಯಾರ ಬಾಯಲ್ಲಿ ಏನು ಹೇಳಿಸುತ್ತೀರಿ? ಇನ್ನೊಂದು ತೊಂದರೆಯೂ ಇದೆ. ಮಗುವಿನ ನೆಪದಲ್ಲಿ ಪ್ರವಾಸ ನಿಂತುಹೋದರೆ ನಿಮ್ಮ ನಿಜವಾದ ದೂರು ಹೊಟ್ಟೆಯೊಳಗೇ ಉಳಿಯುತ್ತದೆ.

ಆ ದೂರು ಯಾವುದೆಂದು ನಿಮ್ಮ ಪತ್ರದಲ್ಲೇ ಇದೆ. ‘ಮಿಕ್ಕವರೆಲ್ಲ ಸುತ್ತಾಡಿ ಬರುತ್ತಿದ್ದರು’ ಎಂದು ಬರೆದಿದ್ದೀರಿ. ಆ ಮಿಕ್ಕವರಲ್ಲಿ ಮಗುವಿನ ಅಪ್ಪನೂ ಸೇರಿದ್ದರು ತಾನೆ? ಎರಡು ರಾತ್ರಿ ಅತ್ತ ಮಗುವನ್ನು ಒಂದು ಗಂಟೆ, ಬೇಡ, ಅರ್ಧ ಗಂಟೆ ಅವರು ಹೆಗಲಿಗೆ ಹಾಕಿಕೊಂಡಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲ ಎಂದು ನನ್ನ ಲೆಕ್ಕ. ಎತ್ತರ, ಚಳಿ, ಐದೂವರೆ ಗಂಟೆ ಎಲ್ಲವೂ ನಿಜವಾದ ಕಾರಣಗಳೇ. ಆದರೆ ನೀವು ಅವನ್ನು ಗುರಾಣಿ ಮಾಡಿಕೊಂಡಿದ್ದೀರಿ.

ಡಾಕ್ಟರ ಹತ್ತಿರ ಖಂಡಿತ ಹೋಗಿ, ಇವರನ್ನೂ ಕರೆದುಕೊಂಡು. ಹೋಗಿ ನಿಜವಾದ ಪ್ರಶ್ನೆಯನ್ನೇ ಕೇಳಿ: ‘ಹೋದ ಸಲ ಮಗು ಎರಡು ರಾತ್ರಿ ಅತ್ತಿತ್ತು, ಎತ್ತರದಿಂದ ಹಾಗಾಗಿರಬಹುದೇ?’ ಸುಮಾರು 2,500 ಮೀಟರ್ ದಾಟಿದ ಮೇಲೆ ಗಾಳಿ ತೆಳುವಾಗಿ, ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ದೊಡ್ಡವರಾದರೆ ತಲೆನೋವು, ವಾಕರಿಕೆ, ನಿದ್ದೆ ಬರುತ್ತಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಾರೆ. ಹತ್ತು ತಿಂಗಳ ಕೂಸು ಹೇಗೆ ಹೇಳೀತು? ಹಾಲು ಬೇಡವೆನ್ನುತ್ತದೆ, ವಾಂತಿ ಮಾಡುತ್ತದೆ, ರಚ್ಚೆ ಹಿಡಿಯುತ್ತದೆ. ಹಲ್ಲು ಬರುವಾಗಲೂ ಕಿವಿ ನೋವಿಗೂ ಹೊಸ ಹಾಸಿಗೆಗೂ ಮಕ್ಕಳು ಹಾಗೇ ಅಳುತ್ತವೆ, ಆದ್ದರಿಂದ ಪತ್ರ ನೋಡಿ ನಾನು ತೀರ್ಪು ಕೊಡಲಾರೆ. ನಡುವಿನ ಎತ್ತರದಲ್ಲಿ ಒಂದು ರಾತ್ರಿ ತಂಗಿ ಆಮೇಲೆ ಮೇಲಕ್ಕೆ ಹೋಗುವುದು, ಮಗು ಸಪ್ಪಗಾಗುತ್ತ ಬಂದರೆ ಬುಕಿಂಗ್ ದುಡ್ಡಿನ ಮುಖ ನೋಡದೆ ಕೆಳಗಿಳಿದುಬಿಡುವುದು, ಇವೆರಡು ಮಾತ್ರ ಹೋಗುವುದಾದರೆ ಬಿಡಬಾರದ ಸಂಗತಿಗಳು. ಡಾಕ್ಟರು ‘ಪರವಾಗಿಲ್ಲ, ಹೋಗಿ ಬನ್ನಿ’ ಎಂದರೂ ಎನ್ನಬಹುದು. ಅದಕ್ಕೆ ನಿಮ್ಮ ಮನಸ್ಸು ಸಿದ್ಧವಿರಲಿ.

ಇನ್ನು ಆ 14 ಜಾಗಗಳ ಪಟ್ಟಿ. ಅದನ್ನು ತಯಾರು ಮಾಡಿದವರು ಚಿಕ್ಕ ಮಕ್ಕಳಿಗೆ ಉಣ್ಣೆ ಬಟ್ಟೆ ತೊಡಿಸಿದವರಲ್ಲ, ಇದನ್ನು ನಾನು ಪಂಥ ಕಟ್ಟಿ ಹೇಳುತ್ತೇನೆ. ಒಳಗೊಂದು ತೆಳು ಅಂಗಿ, ಅದರ ಮೇಲೆ ಸ್ವೆಟರ್, ಅದರ ಮೇಲೆ ಜಾಕೆಟ್, ಎರಡು ಜೊತೆ ಕಾಲುಚೀಲ, ಬೂಟು, ಟೋಪಿ. ಕೈಗವಸಿನೊಳಗೆ ಹೆಬ್ಬೆರಳು ಅದರ ಮನೆಗೆ ಹೋಗುವುದೇ ಇಲ್ಲ, ನಾಲ್ಕು ಬೆರಳಿನ ಜೊತೆ ಸೇರಿಕೊಂಡು ಕೂತಿರುತ್ತದೆ. ಅದನ್ನು ಹುಡುಕಿ ಹೊರಗೆಳೆದು ಸರಿಮಾಡಿ ಬಾಗಿಲು ತೆಗೆಯುವ ಹೊತ್ತಿಗೆ ‘ಅಮ್ಮಾ, ಸುಸ್ಸು’. ಮತ್ತೆ ಮೊದಲಿನಿಂದ. ಒಂದು ಸಲ ಹೊರಡಲು ಅರ್ಧ ಗಂಟೆ. ನಮ್ಮ ಮಕ್ಕಳು ಸಣ್ಣವರಿದ್ದಾಗ ಇಷ್ಟೆಲ್ಲ ಮಾಡಿ ಕಾರು ಹತ್ತಿ, ಒಬ್ಬನ ಬೂಟು ರೂಮಿನಲ್ಲೇ ಉಳಿದದ್ದು ಇಳಿದ ಮೇಲೆ ಗೊತ್ತಾಯಿತು. ಬೂಟು ತೊಡಿಸುವ ಜವಾಬ್ದಾರಿ ನನ್ನದೇ ಆಗಿತ್ತು, ಹಾಗಾಗಿ ಬೈಯಲೂ ಯಾರೂ ಸಿಗಲಿಲ್ಲ.

ನಿದ್ದೆಯ ಲೆಕ್ಕ ಇನ್ನೂ ಬಿಗಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲಿನದ್ದೂ ಸೇರಿ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು. ಅಂದರೆ ಮಗ ಎಚ್ಚರವಿರುವುದೇ 12 ಗಂಟೆ ಆಸುಪಾಸು. ಉಣಿಸುವುದು, ಒರೆಸುವುದು, ತೊಡಿಸುವುದು, ಬಿಚ್ಚುವುದು ಕಳೆದರೆ ಉಳಿಯುವ ಹೊತ್ತಿನಲ್ಲಿ ದಿನಕ್ಕೆ ಒಂದು ಜಾಗ ನೋಡಬಹುದು. ಮೂರು ನೋಡಿದರೆ ಆ ಉಳಿದೆರಡಕ್ಕೆ ಸಂಜೆ ನೀವು ಬಡ್ಡಿ ಸಮೇತ ತೆರಬೇಕಾಗುತ್ತದೆ. ಈ ಲೆಕ್ಕವನ್ನು ಜಗಳದಲ್ಲಿ ಎಸೆಯಬೇಡಿ. ಒಂದು ಹಾಳೆಯ ಮೇಲೆ ಇವರ ಕೈಯಲ್ಲೇ ಬರೆಸಿ. ಬೆಳಿಗ್ಗೆ ಐದೂವರೆಗೆ ಹೊರಡಬೇಕಾದರೆ ಮಕ್ಕಳನ್ನು ಎಷ್ಟು ಗಂಟೆಗೆ ಎಬ್ಬಿಸಬೇಕು, ಎಬ್ಬಿಸುವವರು ಯಾರು ಎಂಬುದನ್ನೂ.

ಅಪ್ಪಂದಿರಿಗೆ ಗೊತ್ತಿರಬೇಕಾದ ಎರಡು ಮೂರು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಇವರಿಗೆ ಓದಲು ಕೊಡಿ. ಮಗುವನ್ನು ಬೆನ್ನಿಗೋ ಎದೆಗೋ ಕಟ್ಟಿಕೊಂಡು ಹಿಮದಲ್ಲಿ ನಡೆಯುವವರಿಗೆ ಬೆವರುತ್ತದೆ. ಕಟ್ಟಿಸಿಕೊಂಡ ಮಗು ಅಲುಗಾಡದೆ ಕೂತಿರುತ್ತದೆ, ಅದಕ್ಕೆ ಚಳಿ ಹಿಡಿಯುತ್ತದೆ. ‘ನನಗೇ ಸೆಕೆ, ಅವನಿಗೆಂಥ ಚಳಿ’ ಎಂಬ ಮಾತು ಅದಕ್ಕೇ ಸುಳ್ಳು. ಕೈ ಮುಟ್ಟಿ ನೋಡಿ ತಿಳಿಯುವುದಿಲ್ಲ, ಕುತ್ತಿಗೆಯ ಹಿಂಭಾಗಕ್ಕೆ ಬೆರಳು ತೂರಿಸಿ ನೋಡಬೇಕು. ಕಾರಿನ ಮಕ್ಕಳ ಸೀಟಿನಲ್ಲಿ ಕೂರಿಸುವಾಗ ದಪ್ಪ ಜಾಕೆಟ್ ಬಿಚ್ಚಿಸಿ, ಬೆಲ್ಟ್ ಬಿಗಿದು, ಮೇಲೆ ಕಂಬಳಿ ಹೊದಿಸಬೇಕು. ಜಾಕೆಟ್ಟಿನ ಮೇಲೆ ಬಿಗಿದ ಬೆಲ್ಟು ಡಿಕ್ಕಿಯಾದಾಗ ಸಡಿಲವಾಗಿರುತ್ತದೆ. ಹಿಮದ ಮೇಲೆ ಬಿಸಿಲು ಬಿದ್ದು ವಾಪಸ್ ಕಣ್ಣಿಗೆ ಹೊಡೆಯುತ್ತದೆ, ಮಕ್ಕಳಿಗೂ ಕಪ್ಪು ಕನ್ನಡಕ ಬೇಕು.

ಇವರ ‘ನೆನಪು’ ವಾದವನ್ನು ಪೂರ್ತಿ ತಳ್ಳಿಹಾಕಬೇಡಿ. ದೊಡ್ಡವರಲ್ಲಿ ಉಳಿಯುವ ತೀರಾ ಹಳೆಯ ನೆನಪು ಸಾಮಾನ್ಯವಾಗಿ ಮೂರು, ಮೂರೂವರೆ ವರ್ಷದ್ದು. ಹಾಗಾಗಿ ಮಗನಿಗೆ ಈ ಪ್ರವಾಸದ ಒಂದು ಚೂರೂ ಉಳಿಯುವುದು ಅನುಮಾನ. ಮಗಳಿಗೆ ಉಳಿಯಬಹುದು. ಆದರೆ ಏನು ಉಳಿಯುತ್ತದೆಂದು ಅವಳೇ ತೋರಿಸಿಕೊಟ್ಟಿದ್ದಾಳೆ. ಅಷ್ಟು ದೂರ ಹೋಗಿ, ಅಷ್ಟು ಎತ್ತರ ಹತ್ತಿ, ಅವಳು ಜೋಪಾನ ಮಾಡಿಕೊಂಡು ಬಂದದ್ದು ಒಂದು ಗಾಜು, ಅಪ್ಪನ ಬೆರಳು, ಒಂದು ‘ಅ’. ನಿಮ್ಮ ಯಜಮಾನರ ವಿರುದ್ಧ ಇಷ್ಟೆಲ್ಲ ಬರೆದ ಪತ್ರದಲ್ಲಿ ಈ ಒಂದು ಸಾಲನ್ನು ನೀವು ಬಿಡದೆ ಬರೆದಿರಿ, ನನಗೆ ಅದೇ ಭರವಸೆ. ನಡೆದದ್ದನ್ನು ಮಕ್ಕಳ ಜೊತೆ ಆಮೇಲೂ ಮಾತಾಡುತ್ತಿದ್ದರೆ, ‘ಅದಾದ ಮೇಲೆ ಏನಾಯ್ತು?’ ಎಂದು ಕೇಳುತ್ತಿದ್ದರೆ, ಅವರಿಗೆ ಅದು ಹೆಚ್ಚು ವಿವರವಾಗಿ ನೆನಪುಳಿಯುತ್ತದೆ. ಇವತ್ತು ರಾತ್ರಿ ಇವರು ಪಕ್ಕದಲ್ಲಿರುವಾಗ ಮಗಳನ್ನು ಕೇಳಿ, ‘ಅ’ ಆದ ಮೇಲೆ ಏನು ಬರೆದಿರಿ ಎಂದು. ಜಗಳಕ್ಕಿಂತ ಅಲ್ಲಿಂದ ಮಾತು ಶುರುವಾಗುವುದು ಸಲೀಸು.

ಆಮೇಲೆ ನಿಮ್ಮ ಷರತ್ತು ಹೇಳಿ. ‘ಬರುತ್ತೇನೆ, ಆದರೆ ಐದರಲ್ಲಿ ಎರಡು ದಿನ ಮಧ್ಯಾಹ್ನದವರೆಗೆ ಎರಡೂ ಮಕ್ಕಳು ನಿಮ್ಮ ಕೈಲಿ. ರಾತ್ರಿ ಅತ್ತರೆ ಒಂದು ಸಲ ನಾನು, ಒಂದು ಸಲ ನೀವು.’ ಭಾವನವರ ಮನೆಯವರು ಬೇಕಾದರೆ 14 ಜಾಗವನ್ನೂ ನೋಡಲಿ, ಸಂಜೆ ಸಿಗೋಣ ಎಂದರೆ ಮುಗಿಯಿತು. ಆ ಎರಡು ದಿನ ನೀವು ಹೊರಗೆ ಹೋಗಿ. ಬಾಗಿಲಲ್ಲೇ ನಿಂತು ‘ಟೋಪಿ ಹಾಗಲ್ಲ, ಹೀಗೆ’ ಎನ್ನಬೇಡಿ. ಟೋಪಿ ತಿರುಗಾಮುರುಗಾ ಆಗಿರಲಿ, ಕಿವಿ ಮುಚ್ಚಿದರೆ ಸಾಕು.

ಒಪ್ಪದಿದ್ದರೆ? ಅಪ್ಪ ಮಗಳು ಹೋಗಿ ಬರಲಿ, ನೀವು ಮಗನ ಜೊತೆ ಮನೆಯಲ್ಲಿರಿ. ಅದನ್ನು ಸೋಲೆಂದೂ ಮುನಿಸೆಂದೂ ಯಾರೂ ಕರೆಯಬೇಕಿಲ್ಲ. ಹೋದ ಸಲ ನಿಮಗೆ ಸಿಗದೆ ಹೋದ ನಿದ್ದೆಯಾದರೂ ಸಿಗುತ್ತದೆ.

ಅಂದಹಾಗೆ, ಬುಕಿಂಗ್ ರದ್ದು ಮಾಡಿದರೆ ದುಡ್ಡು ವಾಪಸ್ ಸಿಗುವ ಕೊನೆಯ ದಿನ ಯಾವುದೆಂದು ಇವತ್ತೇ ನೋಡಿಕೊಳ್ಳಿ. ಈ ಮಾತೆಲ್ಲ ಅದಕ್ಕೆ ಮುಂಚೆ ಆಗಬೇಕು.